ತಿಳಿ ನೀರೆಲ್ಲ ಶುದ್ಧ ನೀರಲ್ಲ

ಇಫ್ತಾರ್ ಶರಬತ್ತಿಗೆ ನೀವು ಕಾಮಕಸ್ತೂರಿ ಬೀಜ ನೆನೆಸಿಡುತ್ತೀರಲ್ಲ, ಸ್ವಲ್ಪ ಹೊತ್ತಿಗೆ ಪ್ರತಿ ಬೀಜದ ಸುತ್ತ ಲೋಳೆ ಉಬ್ಬಿರುತ್ತದೆ. ಮಲಬದ್ಧತೆಗೆ ನಾನು ಕೊಡುವ ಇಸಬ್‌ಗೋಲ್ ಕೂಡ ಹಾಗೆಯೇ. ನೀರನ್ನು ಹೀಗೆ ಹಿಡಿದಿಟ್ಟುಕೊಳ್ಳುವ ವಸ್ತುವಿಗೆ ವಿಜ್ಞಾನಿಗಳು ಹೈಡ್ರೋಜೆಲ್ ಎನ್ನುತ್ತಾರೆ. 2021ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದವರು ಇಂಥ ಜೆಲ್ ಮಾತ್ರೆಯೊಂದರಿಂದ ಒಂದು ಲೀಟರ್ ನದಿ ನೀರಿನ ಕ್ರಿಮಿಗಳನ್ನು ಒಂದು ಗಂಟೆಯೊಳಗೆ ಕೊಂದು ತೋರಿಸಿದರು. ಸಸ್ಯದ ನಾರಿನಿಂದಲೇ ಜೆಲ್ ತಯಾರಿಸಿ, ಅದರಲ್ಲಿ ಕ್ರಿಮಿನಾಶಕ ಸೇರಿಸುವ ಪ್ರಯೋಗಗಳೂ ನಡೆದಿವೆ. ನಮ್ಮ ಅಡುಗೆಮನೆಗೆ ಅದಿನ್ನೂ ಬಂದಿಲ್ಲ.

ಬಂದಿರುವುದು ನುಗ್ಗೆ ಬೀಜ. ಕಳೆದ ಮಳೆಗಾಲ ಹೊಳಲ್ಕೆರೆ ಕಡೆಯ ತಾಯಿಯೊಬ್ಬರು ಮಗುವನ್ನು ಎತ್ತಿಕೊಂಡು ಬಂದರು. ಭೇದಿಯಾಗಿ ಮಗುವಿನ ಕಣ್ಣು ಗುಳಿಬಿದ್ದಿತ್ತು. ನೀರು ಕುದಿಸುತ್ತೀರಾ ಎಂದೆ. "ಇಲ್ಲ ಡಾಕ್ಟ್ರೇ, ನುಗ್ಗೆ ಬೀಜದ ಪುಡಿ ಹಾಕ್ತೀವಿ, ನೀರು ಗಾಜಿನ ಹಾಗಿದೆ" ಎಂದರು.

ಅವರ ಮಾತು ಸುಳ್ಳಲ್ಲ. ಬೀಜದ ಪ್ರೋಟೀನ್ ಕೆಸರಿನ ಕಣಗಳಿಗೂ ಬ್ಯಾಕ್ಟೀರಿಯಾಗಳಿಗೂ ಅಂಟಿಕೊಂಡು ಅವನ್ನು ತಳಕ್ಕಿಳಿಸುತ್ತದೆ. ಆದರೆ ಎಲ್ಲವೂ ಇಳಿಯುವುದಿಲ್ಲ. ಮೇಲಾಗಿ ಬೀಜದ ಉಳಿದ ಸಾರ ನೀರಿನಲ್ಲೇ ನಿಂತು ಅಳಿದುಳಿದ ಕ್ರಿಮಿಗಳಿಗೆ ಆಹಾರವಾಗುತ್ತದೆ. ಇಟ್ಟ ನೀರಿನಲ್ಲಿ ಅವು ಮತ್ತೆ ಹೆಚ್ಚುತ್ತವೆ. ಪೆನ್ಸಿಲ್ವೇನಿಯಾದ ವಿಜ್ಞಾನಿಗಳು ಈ ಪ್ರೋಟೀನನ್ನು ಮರಳಿಗೆ ಅಂಟಿಸಿ, ಮಿಕ್ಕಿದ್ದನ್ನು ತೊಳೆದು ಹಾಕಿದ್ದು ಇದಕ್ಕೇ. ಜೆಲ್‌ನ ಅನುಕೂಲವೂ ಅದೇ: ಕೆಲಸ ಮುಗಿದ ಮೇಲೆ ಇಡಿಯಾಗಿ ಎತ್ತಿ ತೆಗೆಯಬಹುದು.

ಗಿಡಮೂಲಿಕೆಯನ್ನೇ ನಂಬಿದ ಯುನಾನಿ ವೈದ್ಯರಿಗೆ ಇದನ್ನು ಹೇಳುವುದು ಖುಷಿಯಲ್ಲ. ಆದರೆ 2023ರ ಆಗಸ್ಟ್‌ನಲ್ಲಿ ನಮ್ಮ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಹಲವರು ತೀರಿಕೊಂಡರು, ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು. ಕ್ರಿಮಿ ಕಣ್ಣಿಗೆ ಕಾಣುವುದಿಲ್ಲ. ವುಝೂಗೆ ಸಲ್ಲುವ ನೀರೆಲ್ಲ ಕುಡಿಯಲು ಸಲ್ಲುವುದೂ ಇಲ್ಲ.

ನೀರು ಕದಡಿದ್ದರೆ ಮಡಿಚಿದ ಬಟ್ಟೆಯಲ್ಲಿ ಸೋಸಿ. ನುಗ್ಗೆ ಪುಡಿ ಬೇಕಿದ್ದರೆ ಹಾಕಿ, ತಿಳಿಯನ್ನು ಬಸಿದುಕೊಳ್ಳಿ. ಬಳಿಕ ಕೊತಕೊತನೆ ಒಂದು ನಿಮಿಷವಾದರೂ ಕುದಿಯಲಿ. ಅದೇ ಪಾತ್ರೆಯಲ್ಲಿ ಮುಚ್ಚಿಡಿ, ಕೈ ಅದ್ದಬೇಡಿ. ಹಿರಿಯೂರು, ಹೊಸದುರ್ಗದ ಕಡೆ ಬೋರ್‌ವೆಲ್ ನೀರು ಕುಡಿಯುವವರಿಗೆ ಇನ್ನೊಂದು ಮಾತು: ಫ್ಲೋರೈಡ್ ಇದ್ದರೆ ಕುದಿಸಿದರೂ ಹೋಗದು, ನೀರನ್ನು ಪರೀಕ್ಷೆ ಮಾಡಿಸಿ. ಭೇದಿ ಶುರುವಾದರೆ ಕೂಡಲೇ ಓಆರ್‌ಎಸ್ ಕುಡಿಸಿ. ಮಗು ಮಂಕಾದರೆ, ಮೂತ್ರ ಕಡಿಮೆಯಾದರೆ ನನ್ನಂಥವರ ಬಳಿ ಬರದೆ ನೇರ ಆಸ್ಪತ್ರೆಗೆ ಹೋಗಿ.

ಆ ಮಗುವನ್ನೂ ಹಾಗೆಯೇ ಕಳಿಸಿದೆ, ಮೂರನೇ ದಿನ ಮನೆಗೆ ಮರಳಿತು. ತಾಯಿ ಈಗಲೂ ನುಗ್ಗೆ ಪುಡಿ ಹಾಕುತ್ತಾರಂತೆ, ಆಮೇಲೆ ನೀರನ್ನು ಒಲೆಯ ಮೇಲಿಡುತ್ತಾರೆ.