ಚಾವಡಿಯ ಗೋಡೆಯಿಂದ ಇಳಿದು ಬಂದ ಪಿಶಾಚ

ಗ್ರೀಕರ ಪಾತಾಳದಲ್ಲಿ ಯೂರಿನೋಮಸ್ ಎಂಬ ಪಿಶಾಚನಿದ್ದಾನೆ. ಹೆಣದ ಮಾಂಸವನ್ನೆಲ್ಲ ತಿಂದು ಎಲುಬನ್ನಷ್ಟೇ ಉಳಿಸುವವನು. ಅವನ ಸುದ್ದಿ ನಮಗೆ ತಲುಪಿದ್ದು ಕ್ರಿ.ಶ. 2ನೇ ಶತಮಾನದ ಪ್ರವಾಸಿ ಪೌಸೇನಿಯಸ್‌ನಿಂದ.

ಡೆಲ್ಫಿಯ ಅಪೊಲೊ ಕ್ಷೇತ್ರದಲ್ಲಿ ಕ್ನೈಡಸ್ ಊರಿನವರು ಕಟ್ಟಿಸಿದ ಚಾವಡಿಯೊಂದಿತ್ತು. ಜನ ಕೂತು ಮಾತಾಡುವ ಜಾಗ. ಕ್ರಿ.ಪೂ. 5ನೇ ಶತಮಾನದಲ್ಲಿ ಥಾಸೊಸ್ ದ್ವೀಪದ ಪಾಲಿಗ್ನೋಟಸ್ ಅದರ ಒಂದು ಕಡೆ ಟ್ರಾಯ್ ಪತನವನ್ನೂ ಇನ್ನೊಂದು ಕಡೆ ಒಡಿಸಿಯಸ್ ಸತ್ತವರ ಲೋಕಕ್ಕೆ ಇಳಿದದ್ದನ್ನೂ ಚಿತ್ರಿಸಿದ. ಪೌಸೇನಿಯಸ್ ಬಂದು ನಿಂತಾಗ ಆ ಚಿತ್ರಕ್ಕೆ ಸುಮಾರು 600 ವರ್ಷ. ಆದರೂ ಅವನು ಪಿಶಾಚನ ಮೈಬಣ್ಣವನ್ನು ಗುರುತಿಸಿದ: ಮಾಂಸದ ಮೇಲೆ ಕೂರುವ ನೊಣದಂತೆ, ನೀಲಿಗೂ ಕಪ್ಪಿಗೂ ನಡುವಿನದು. ಹಲ್ಲು ಕಿರಿದು ಕೂತಿದ್ದಾನೆ, ಅಡಿಯಲ್ಲಿ ಹಾಸಿದ್ದು ರಣಹದ್ದಿನ ಚರ್ಮ.

ಇವನ್ಯಾರೆಂದು ಹೇಳಿದವರು ಡೆಲ್ಫಿಯ ಮಾರ್ಗದರ್ಶಕರು. ಪೌಸೇನಿಯಸ್ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಪಾತಾಳದ ವರ್ಣನೆಯಿರುವ ಹಳೆಯ ಕಾವ್ಯಗಳಾದ ಒಡಿಸ್ಸಿ, ಮಿನಿಯಾಡ್, ನೋಸ್ಟೊಯ್ ಮೂರರಲ್ಲೂ ಇವನ ಸುಳಿವಿಲ್ಲವೆಂದು ಬರೆದಿಟ್ಟ. ಈ ಎಚ್ಚರಕ್ಕಾಗಿ ಅವನ ಮೇಲೆ ನನಗೆ ಬಹಳ ಗೌರವ.

ಇನ್ನು ಹೆಸರು. ‘ಯೂರಿಸ್’ ಎಂದರೆ ವಿಶಾಲ. ಉಳಿದರ್ಧ ‘ನೆಮೊ’ ಧಾತುವಿನದು. ಅದಕ್ಕೆ ಹಂಚು, ಮೇಯಿಸು, ಆಳು ಎಂಬ ಅರ್ಥಗಳಿವೆ. ಅಗಲಕ್ಕೂ ಆಳುವವನು ಎನ್ನಬಹುದು, ಎಲ್ಲೆಲ್ಲೂ ಮೇಯುವವನು ಎಂದರೂ ಸಲ್ಲುತ್ತದೆ. ಭಯ ಹುಟ್ಟಿಸುವ ಹೆಸರೇನಲ್ಲ. ಒಡಿಸ್ಸಿಯಲ್ಲೇ ಇದು ಒಡಿಸಿಯಸ್‌ನ ಹೆಂಡತಿ ಪೆನೆಲೊಪೆಯ ಕೈಹಿಡಿಯಲು ಕಾದು ಕೂತ ಇಥಾಕದ ತರುಣನೊಬ್ಬನ ಹೆಸರು. ಅವನ ಸೋದರ ಆಂಟಿಫಸ್ ಒಕ್ಕಣ್ಣ ರಾಕ್ಷಸನಿಗೆ ಆಹಾರವಾದವನು. ಹಾಗಾದರೆ ಹೆಣ ತಿನ್ನುವವನಿಗೆ ಈ ಗೌರವದ ಹೆಸರೇಕೆ? ಗ್ರೀಕರು ಪಾತಾಳದ ಒಡೆಯನನ್ನು ‘ಸಿರಿವಂತ’ ಎಂದೂ ಸೇಡಿನ ದೇವತೆಗಳನ್ನು ‘ಕರುಣಾಳುಗಳು’ ಎಂದೂ ಅಂಜಿ ಕರೆಯುತ್ತಿದ್ದರು. ಸಿಡುಬನ್ನು ‘ಅಮ್ಮ’ ಎಂದ ನಮಗೆ ಆ ಅಂಜಿಕೆ ಹೊಸದಲ್ಲ. ಯೂರಿನೋಮಸ್ ಹೆಸರಿನ ಹಿಂದೆಯೂ ಅದೇ ಅಂಜಿಕೆ ಇದೆಯೆಂದು ನನ್ನ ಊಹೆ.

ಚಿತ್ರ ಉಳಿಯಲಿಲ್ಲ. ಫ್ರೆಂಚ್ ಪುರಾತತ್ತ್ವಜ್ಞರು 1890ರ ದಶಕದಲ್ಲಿ ಅಗೆದಾಗ ಸಿಕ್ಕಿದ್ದು ಚಾವಡಿಯ ಅವಶೇಷ. ಹೆಸರು ಮಾತ್ರ ಬೇರೆ ದಾರಿ ಹಿಡಿದಿತ್ತು. 19ನೇ ಶತಮಾನದ ಫ್ರಾನ್ಸಿನಲ್ಲಿ ಕೊಲಿನ್ ದ ಪ್ಲಾನ್ಸಿ ತನ್ನ ಪಿಶಾಚಕೋಶದಲ್ಲಿ ಅವನನ್ನು ಸಾವಿನ ರಾಜಕುಮಾರನನ್ನಾಗಿಸಿ, ಮೈತುಂಬ ಹುಣ್ಣು ಕೊಟ್ಟು, ನರಿಯ ಚರ್ಮ ಉಡಿಸಿದ. ಪಾಲಿಗ್ನೋಟಸ್‌ನ ಯೂರಿನೋಮಸ್ ಬೇಕಾದವರು ಪೌಸೇನಿಯಸ್‌ನ ‘ಗ್ರೀಸ್ ವರ್ಣನೆ’ಯ 10ನೇ ಭಾಗವನ್ನೇ ತೆರೆಯಬೇಕು.