ಎರಡು ಹಳೇ ಕ್ಯಾಮೆರಾ, ಒಂದು ಸ್ಕಾಲರ್‌ಷಿಪ್

ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಳ್ಳುತ್ತೇನೆ ಎಂದು ಯಾರಾದರೂ ಬಾಯಿಬಿಟ್ಟರೆ ಸಾಕು, ನಮ್ಮ ಶಂಕರಘಟ್ಟದ ಹಾಸ್ಟೆಲಿನ ಮೆಸ್ ಎರಡು ಪಕ್ಷವಾಗುತ್ತದೆ. ಒಂದು ಕ್ಯಾನನ್ ಪಕ್ಷ, ಇನ್ನೊಂದು ನಿಕಾನ್ ಪಕ್ಷ. ಎರಡೂ ಪಕ್ಷಗಳಲ್ಲಿ ಅರ್ಧಕ್ಕರ್ಧ ಮಂದಿಯ ಬಳಿ ಕ್ಯಾಮೆರಾವೇ ಇಲ್ಲ ಎನ್ನುವುದು ಬೇರೆ ಮಾತು.

ಈ ಸಲ ಜಗಳಕ್ಕೆ ಕಾರಣನಾದವನು ನನ್ನ ಜೂನಿಯರ್, ಭದ್ರಾವತಿಯ ಹುಡುಗ. ಅವನ ಕೈಗೆ ಬಂದ ಸ್ಕಾಲರ್‌ಷಿಪ್ ಹಣ ಹದಿಮೂರು ಸಾವಿರ. ಊರಿನ ಸ್ಟುಡಿಯೋವೊಂದರ ಮಾಲೀಕರು ‘ನಿಂದೇ ಕ್ಯಾಮೆರಾ ಇದ್ರೆ ಮದುವೆ ಸೀಸನ್ನಿಗೆ ಬಾರೋ, ಎರಡನೇ ಕ್ಯಾಮೆರಾ ಹಿಡಿ’ ಅಂದಿದ್ದರು. ದಿನಕ್ಕೆ ಸಿಗುವ ಕೂಲಿಯನ್ನು ಕೂಡಿಟ್ಟರೆ ಮುಂದಿನ ಸೆಮಿಸ್ಟರಿನ ಫೀಸಾಗುತ್ತದೆ ಎನ್ನುವುದು ಅವನ ಲೆಕ್ಕ. ಮನೆಯಲ್ಲಿ ಇನ್ನೊಮ್ಮೆ ದುಡ್ಡು ಕೇಳುವ ಸ್ಥಿತಿ ಇರಲಿಲ್ಲ. ಆರಿಸಿದ ಕ್ಯಾಮೆರಾ ಕೈಕೊಟ್ಟರೆ ಸೀಸನ್ನೂ ಹೋಯಿತು, ಫೀಸೂ ಹೋಯಿತು.

ಎದುರಿಗೆ ಇದ್ದದ್ದು ಎರಡು ಆಯ್ಕೆ. ನಮ್ಮ ಕ್ಯಾಂಪಸ್ಸಿನ ಪಿಎಚ್‌.ಡಿ ಸೀನಿಯರ್ ಒಬ್ಬರ ನಿಕಾನ್ ಡಿ3100, 18-55 ವಿಆರ್ ಲೆನ್ಸ್ ಸಹಿತ ಹನ್ನೊಂದು ಸಾವಿರ. ಶಿವಮೊಗ್ಗದಲ್ಲಿ ಮಿರರ್‌ಲೆಸ್‌ಗೆ ಬದಲಾದ ಫೋಟೊಗ್ರಾಫರ್ ಒಬ್ಬರ ಕ್ಯಾನನ್ 1100ಡಿ, 18-55 ಲೆನ್ಸ್ ಸಹಿತ ಎಂಟೂವರೆ ಸಾವಿರ. ಇಬ್ಬರೂ ‘ಒಂದು ವಾರ ಇಟ್ಟುಕೊಂಡು ನೋಡಿ’ ಎಂದು ಕೊಟ್ಟಿದ್ದರಿಂದ ಎರಡನ್ನೂ ಒಟ್ಟಿಗೆ ಕೊರಳಿಗೆ ನೇತುಹಾಕಿಕೊಂಡು ಓಡಾಡುವ ಭಾಗ್ಯ ನನ್ನದಾಯಿತು.

ಮೊದಲು ಇವುಗಳ ಜಾತಕ ಹೇಳಿಬಿಡುತ್ತೇನೆ. ಡಿ3100 ಬಂದದ್ದು 2010ರ ಆಗಸ್ಟ್‌ನಲ್ಲಿ, 1100ಡಿ ಬಂದದ್ದು 2011ರ ಫೆಬ್ರುವರಿಯಲ್ಲಿ. ನಾವೆಲ್ಲ ಸ್ಲೇಟು ಹಿಡಿದಿದ್ದ ಕಾಲ. ನಿಕಾನಿನದು 14.2 ಮೆಗಾಪಿಕ್ಸೆಲ್, ಕ್ಯಾನನ್ನಿನದು 12.2. ಮೆಸ್ಸಿನ ವಾದವೆಲ್ಲ ಈ ಎರಡು ಮೆಗಾಪಿಕ್ಸೆಲ್ ಮೇಲೇ ನಡೆಯುತ್ತದೆ. ಆದರೆ ಎರಡರ ಚಿತ್ರವನ್ನೂ ಆಲ್ಬಮ್ಮಿನ ಪುಟದ ಅಳತೆಗೆ ಪ್ರಿಂಟ್ ಹಾಕಿಸಿ ಪಕ್ಕಪಕ್ಕ ಇಟ್ಟರೆ ಯಾವುದು ಯಾವುದೆಂದು ತೆಗೆದವನಿಗೂ ಗೊತ್ತಾಗುವುದಿಲ್ಲ. ಫೋಕಸ್ ಪಾಯಿಂಟ್ ನಿಕಾನಿಗೆ 11, ಕ್ಯಾನನ್ನಿಗೆ 9. ಎರಡರಲ್ಲೂ ನಂಬಬಹುದಾದದ್ದು ನಡುವಿನ ಒಂದೇ ಒಂದು. ಎರಡೂ ಸೆಕೆಂಡಿಗೆ ಮೂರು ಚಿತ್ರ ಹೊಡೆಯುತ್ತವೆ, ಕ್ಯಾನನ್ನಿನಲ್ಲಿ ರಾ ಫೈಲ್ ಇಟ್ಟುಕೊಂಡರೆ ಅದು ಎರಡಕ್ಕೆ ಇಳಿಯುತ್ತದೆ.

ಹಿಡಿದಾಗ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ನಿಕಾನಿನ ಹಿಡಿಕೆಗೆ ರಬ್ಬರ್ ಇದೆ. 1100ಡಿ ಪೂರ್ತಿ ನುಣುಪು ಪ್ಲಾಸ್ಟಿಕ್. ಮಾರ್ಚ್ ಬಿಸಿಲಲ್ಲಿ ಬೆವರಿದ ಕೈಯಿಂದ ಜಾರುತ್ತದೆಯೇನೋ ಅನ್ನಿಸುತ್ತದೆ. ನಿಕಾನಿನ ಪರದೆ 3 ಇಂಚು, ಇದರದು 2.7. ಸೆನ್ಸರ್ ಮೇಲಿನ ದೂಳನ್ನು ತಾನೇ ಕೊಡವಿಕೊಳ್ಳುವ ವ್ಯವಸ್ಥೆ ನಿಕಾನಿಗಿದೆ, ಕ್ಯಾನನ್ನಿಗಿಲ್ಲ. ಹೊಸಬರಿಗೆಂದು ನಿಕಾನಿನಲ್ಲಿ ‘ಗೈಡ್’ ಎಂಬ ಮೋಡ್ ಇದೆ. ‘ಹಿನ್ನೆಲೆ ಮಸುಕಾಗಬೇಕೇ?’ ಎಂಬಂಥ ಪ್ರಶ್ನೆ ಕೇಳಿ ಅದೇ ದಾರಿ ತೋರಿಸುತ್ತದೆ. ಕ್ಲಾಸಿನಲ್ಲಿ ಅಪರ್ಚರ್ ಪಾಠ ಅರ್ಥವಾಗದವರಿಗೆ ಅರ್ಧ ಗಂಟೆಯಲ್ಲಿ ಅರ್ಥವಾಗುತ್ತದೆ. ವಿಡಿಯೊದಲ್ಲೂ ನಿಕಾನೇ ಮುಂದು. ಫುಲ್ ಎಚ್‌ಡಿ ವಿಡಿಯೊ ಕೊಟ್ಟ ನಿಕಾನಿನ ಮೊದಲ ಡಿಎಸ್‌ಎಲ್‌ಆರ್ ಇದು. ಒಂದು ಕ್ಲಿಪ್ ಹತ್ತು ನಿಮಿಷ ದಾಟುವುದಿಲ್ಲ ಅಷ್ಟೆ. 1100ಡಿ 720ಕ್ಕೇ ನಿಲ್ಲುತ್ತದೆ. ಹೊರಗಿನ ಮೈಕ್ ಚುಚ್ಚಲು ಎರಡರಲ್ಲೂ ಜಾಗವಿಲ್ಲ. ಸಾಕ್ಷ್ಯಚಿತ್ರ ಮಾಡುವವರು ಮೊಬೈಲನ್ನು ಮಾತಾಡುವವರ ಜೇಬಿಗೆ ಹಾಕಿ ದನಿ ಹಿಡಿಯಬೇಕು. ಕ್ಯಾನನ್ನಿನ ಪರವಾಗಿ ಹೇಳುವುದಾದರೆ ಬ್ಯಾಟರಿ: ಕಂಪನಿಯ ಲೆಕ್ಕದಲ್ಲೇ ಸುಮಾರು 700 ಚಿತ್ರ, ನಿಕಾನಿನದು 550.

ಇಷ್ಟು ಓದಿದರೆ ನಿಕಾನೇ ಗೆದ್ದಂತೆ ಕಾಣುತ್ತದೆ. ಅಸಲಿ ಕತೆ ಇರುವುದು ಲೆನ್ಸಿನಲ್ಲಿ.

ಮದುವೆ ಛತ್ರದ ಒಳಗೆ, ಟ್ಯೂಬ್‌ಲೈಟ್ ಬೆಳಕಲ್ಲಿ, 18-55 ಲೆನ್ಸನ್ನು 55ಕ್ಕೆ ಎಳೆದು ವಧುವಿನ ಮುಖ ತೆಗೆಯಲು ಹೋಗಿ. ಅಪರ್ಚರ್ 5.6ಕ್ಕಿಂತ ತೆರೆಯುವುದಿಲ್ಲ. ಸೆಕೆಂಡಿನ ಹದಿನೈದನೇ ಒಂದು ಭಾಗದಷ್ಟು ಹೊತ್ತು ಶಟರ್ ತೆರೆದಿರಬೇಕಾಗುತ್ತದೆ. ಅಷ್ಟರಲ್ಲಿ ಪುರೋಹಿತರು ಏನೋ ಹೇಳುತ್ತಾರೆ, ವಧು ತಲೆ ತಿರುಗಿಸುತ್ತಾಳೆ, ಚಿತ್ರ ಅಲುಗುತ್ತದೆ. ಇದೇ ಜಾಗದಲ್ಲಿ 50 ಎಂಎಂ, ಎಫ್ 1.8 ಲೆನ್ಸ್ ಹಾಕಿದರೆ ಒಳಬರುವ ಬೆಳಕು ಹತ್ತಿರ ಹತ್ತಿರ ಹತ್ತು ಪಟ್ಟು. ಹದಿನೈದನೇ ಒಂದು ಭಾಗ ನೂರೈವತ್ತನೇ ಒಂದು ಭಾಗವಾಗುತ್ತದೆ. ಎರಡು ಮೆಗಾಪಿಕ್ಸೆಲ್ ಮಾಡದ ಕೆಲಸವನ್ನು ಈ ಪುಟ್ಟ ಲೆನ್ಸ್ ಮಾಡುತ್ತದೆ.

ಈಗ ತೊಡಕು ನೋಡಿ. ಕ್ಯಾನನ್ 1987ರಲ್ಲಿ ಇಎಫ್ ಲೆನ್ಸ್ ತಂದಾಗಲೇ ಫೋಕಸ್ ಮಾಡುವ ಮೋಟಾರನ್ನು ಲೆನ್ಸಿನೊಳಗೇ ಇಟ್ಟಿತು. ಹಾಗಾಗಿ ಅಂದಿನ ಇಎಫ್ ಲೆನ್ಸ್ ಇಂದಿನ 1100ಡಿ ಮೇಲೆ ಕೂತರೂ ಆಟೊಫೋಕಸ್ ಆಗುತ್ತದೆ. 1990ರಲ್ಲಿ ಬಂದ 50 ಎಂಎಂ 1.8ರ ಎರಡನೇ ಆವೃತ್ತಿ ಪ್ಲಾಸ್ಟಿಕ್ ಡಬ್ಬಿಯಂತಿದ್ದರೂ, ಫೋಕಸ್ ಮಾಡುವಾಗ ಗಿರಣಿಯಂತೆ ಸದ್ದು ಮಾಡಿದರೂ, ಎಲ್ಲೆಡೆ ಅಗ್ಗಕ್ಕೆ ಸಿಗುತ್ತದೆ. ನಿಕಾನಿನ ಹಳೇ ಲೆನ್ಸ್‌ಗಳ ಮೋಟಾರ್ ಇರುತ್ತಿದ್ದದ್ದು ಕ್ಯಾಮೆರಾದ ಹೊಟ್ಟೆಯಲ್ಲಿ. ಡಿ3100ರಂಥ ಚಿಕ್ಕ ಕ್ಯಾಮೆರಾಗಳಲ್ಲಿ ಆ ಮೋಟಾರನ್ನೇ ತೆಗೆದುಹಾಕಿದ್ದಾರೆ. ಅಗ್ಗಕ್ಕೆ ಸಿಗುವ 50 ಎಂಎಂ 1.8ಡಿ ಲೆನ್ಸನ್ನು ಇದಕ್ಕೆ ಹಾಕಬಹುದು, ಫೋಕಸನ್ನು ಮಾತ್ರ ಕೈಯಲ್ಲೇ ತಿರುಗಿಸಬೇಕು. ಧಾರೆ ಎರೆಯುವ ಹೊತ್ತಿನಲ್ಲಿ ಕೈಯಲ್ಲಿ ತಿರುಗಿಸುತ್ತ ಕೂತರೆ ಸ್ಟುಡಿಯೋದವರು ಮರುದಿನ ಕರೆಯುವುದಿಲ್ಲ. ಆಟೊಫೋಕಸ್ ಬೇಕೆಂದರೆ ‘ಎಎಫ್-ಎಸ್’ ಎಂದು ಬರೆದಿರುವ 50 ಎಂಎಂ 1.8ಜಿ ಅಥವಾ 35 ಎಂಎಂ 1.8ಜಿ ಬೇಕು. ಒಳ್ಳೆಯ ಲೆನ್ಸ್‌ಗಳೇ, ಆದರೆ ಹಳೆಯವೂ ದುಬಾರಿ. ಹನ್ನೊಂದು ಸಾವಿರ ಕ್ಯಾಮೆರಾಕ್ಕೇ ಕೊಟ್ಟವನ ಜೇಬಿನಲ್ಲಿ ಉಳಿಯುವುದು ಎರಡು ಸಾವಿರ.

ಹಕ್ಕಿ ತೆಗೆಯುವವರ ಲೆಕ್ಕ ಬೇರೆ. ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ಬೇಸಿಗೆಗೆ ಗೂಡು ಕಟ್ಟುವ ರೀವ ಹಕ್ಕಿಗಳಿಗೆ 18-55 ಹಿಡಿದು ಹೋದರೆ ನೀರಿನ ಮೇಲೆ ಬಿಳಿ ಚುಕ್ಕಿ ಸಿಗುತ್ತದೆ, ಅಷ್ಟೆ. ನಿಕಾನಿನ 55-200ಕ್ಕಿಂತ ಕ್ಯಾನನ್ನಿನ 55-250 ಹೆಚ್ಚು ದೂರ ತಲುಪುತ್ತದೆ. ಕ್ಯಾನನ್ನಿನ ಸೆನ್ಸರ್ ಕೊಂಚ ಚಿಕ್ಕದಾದ್ದರಿಂದ ಅದರ 250 ಹಳೇ ಫಿಲ್ಮ್ ಲೆಕ್ಕದಲ್ಲಿ 400ಕ್ಕೆ ಸಮ, ನಿಕಾನಿನ 200 ಬರೀ 300ಕ್ಕೆ. ನಿಕಾನಿಗೆ 55-300 ಕೂಡ ಇದೆ ಎಂದು ಆ ಪಕ್ಷದವರು ಕೂಗುತ್ತಾರೆ. ಇದೆ, ಬೆಲೆಯೂ ಇದೆ.

ಇಷ್ಟೆಲ್ಲಾ ಯಾಕೆ, ಮೊಬೈಲೇ ಸಾಕಲ್ಲವೇ ಎನ್ನುವವರಿಗೆ ಒಂದು ಮಾತು. ರಾತ್ರಿ ಹೊತ್ತು ಹಾಸ್ಟೆಲ್ ಮುಂದೆ ಗುಂಪು ಫೋಟೊ ತೆಗೆಯಲು ನಿಮ್ಮ ಮೊಬೈಲೇ ಈ ಎರಡಕ್ಕಿಂತ ಮೇಲು, ಸಂಶಯ ಬೇಡ. ಆದರೆ ಮೇಲೆ ಫ್ಲ್ಯಾಷ್ ಕೂರಿಸಿ ಛಾವಣಿಗೆ ಬೆಳಕು ಹೊಡೆಸುವುದು, ಹಾರುವ ಹಕ್ಕಿಯನ್ನು ಕಿಂಡಿಯಲ್ಲಿ ಕಣ್ಣಿಟ್ಟು ಹಿಂಬಾಲಿಸುವುದು ಮೊಬೈಲಿನಲ್ಲಿ ಆಗುವ ಕೆಲಸವಲ್ಲ. ಕೂಲಿ ಕೊಡುವವರು ಕೇಳುವುದೂ ಅದನ್ನೇ.

ಯಾವ ಕಂಪನಿಯದೆಂದು ನಿರ್ಧರಿಸುವ ಮೊದಲು ನಮ್ಮ ಮಲೆನಾಡಿನವರು ನೋಡಲೇಬೇಕಾದದ್ದು ಬೂಷ್ಟು. ಮಂಡಗದ್ದೆಯಲ್ಲಿ ತುಂಗೆಯ ನಡುವಿನ ಮರಗಳಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟುವುದೇ ಮಳೆಗಾಲದಲ್ಲಿ. ಜನ ಹೋಗುತ್ತಾರೆ, ನೆನೆಯುತ್ತಾರೆ, ಚೀಲ ಸಮೇತ ಕ್ಯಾಮೆರಾವನ್ನು ಬೀರುವಿನೊಳಗೆ ಇಟ್ಟು ದೀಪಾವಳಿಗೆ ತೆಗೆಯುತ್ತಾರೆ. ಅಷ್ಟು ಹೊತ್ತಿಗೆ ಲೆನ್ಸಿನ ಗಾಜಿನೊಳಗೆ ಜೇಡರಬಲೆಯಂಥ ಎಳೆ ಹಬ್ಬಿರುತ್ತದೆ. ಮೇಲಿಂದ ಕಾಣುವುದಿಲ್ಲ. ಲೆನ್ಸನ್ನು ಬಿಚ್ಚಿ ಒಂದು ಬದಿಯಿಂದ ಮೊಬೈಲ್ ಟಾರ್ಚ್ ಬಿಟ್ಟು ಇನ್ನೊಂದು ಬದಿಯಿಂದ ಓರೆಯಾಗಿ ನೋಡಿ. ಎಳೆ ಕಂಡರೆ ಬೆಲೆ ಚೌಕಾಸಿ ಮಾಡಬೇಡಿ, ಎದ್ದು ಬನ್ನಿ. ಅದು ಪಕ್ಕದ ಲೆನ್ಸಿಗೂ ಹಬ್ಬಬಹುದು, ಬಿಚ್ಚಿ ತೊಳೆಸುವ ಖರ್ಚು ಕಿಟ್ ಲೆನ್ಸಿನ ಬೆಲೆಯನ್ನೇ ಮೀರಬಹುದು. ಆಮೇಲೆ ಅಪರ್ಚರ್ 16ಕ್ಕೆ ಇಟ್ಟು ಬರೀ ಆಕಾಶದ ಒಂದು ಚಿತ್ರ ತೆಗೆಯಿರಿ. ಕಪ್ಪು ಚುಕ್ಕಿಗಳು ಕಂಡರೆ ಸೆನ್ಸರ್ ಮೇಲೆ ದೂಳು ಕೂತಿದೆ ಎಂದರ್ಥ. ಇದನ್ನು ಶುಚಿ ಮಾಡಿಸಬಹುದು, ಬೆಲೆ ಇಳಿಸಲು ಒಳ್ಳೆಯ ನೆಪ.

ಶಟರ್ ಎಷ್ಟು ಸಲ ಬಡಿದಿದೆ ಎನ್ನುವುದು ಬೈಕಿನ ಕಿಲೊಮೀಟರ್ ಇದ್ದಂತೆ. ನಿಕಾನಿನಲ್ಲಿ ಆ ಸಂಖ್ಯೆ ಪ್ರತಿ ಚಿತ್ರದ ಫೈಲಿನಲ್ಲೇ ಅಡಗಿರುತ್ತದೆ. ಕಾರ್ಡಿನಿಂದ ನೇರ ತೆಗೆದ ಫೈಲ್ ಕೇಳಿ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಚಿತ್ರದಲ್ಲಿ ಅದು ಅಳಿಸಿಹೋಗಿರುತ್ತದೆ. 1100ಡಿಯಲ್ಲಿ ಫೈಲ್ ನೋಡಿದರೆ ಸಿಗುವುದಿಲ್ಲ, ಕೇಬಲ್ ಹಾಕಿ ಲ್ಯಾಪ್‌ಟಾಪ್‌ನ ತಂತ್ರಾಂಶದಲ್ಲಿ ಓದಬೇಕು. ನಮ್ಮ ಪರೀಕ್ಷೆಯಲ್ಲಿ ನಿಕಾನ್ ಇಪ್ಪತ್ತೊಂದು ಸಾವಿರ, ಕ್ಯಾನನ್ ನಲವತ್ತಾರು ಸಾವಿರ. ಮದುವೆಗೆ ಹೋಗುತ್ತಿದ್ದ ಕ್ಯಾಮೆರಾ ಅಲ್ಲವೇ, ಸಹಜ. ಕ್ಯಾನನ್ ಜೊತೆಗಿದ್ದ ಲೆನ್ಸಿನ ಮೇಲೆ ‘ಐಎಸ್’ ಎಂಬ ಅಕ್ಷರ ಇದೆಯೋ ಎಂದೂ ನೋಡಿದೆವು. 1100ಡಿ ಜೊತೆ ಕೈನಡುಕ ತಡೆಯುವ ಲೆನ್ಸೂ ಬರುತ್ತಿತ್ತು, ತಡೆಯದ ಲೆನ್ಸೂ ಬರುತ್ತಿತ್ತು. ನೋಡಲು ಎರಡೂ ಒಂದೇ ಥರ. ಇದರಲ್ಲಿ ಇತ್ತು.

‘ಅಣ್ಣಾ, ನೀವಾದ್ರೆ ಯಾವ್ದು ತಗೋತಿದ್ರಿ?’ ಅಂತ ಜೂನಿಯರ್ ಕೇಳಿದ. ‘ನಾನಾದ್ರೆ ನಿಕಾನ್ ಕಣೋ. ಆದ್ರೆ ನೀನು ನಾನಲ್ಲ ಮಾರಾಯ. ನಿನ್ನ ಸ್ಟುಡಿಯೋದಲ್ಲಿ ಯಾವ ಲೆನ್ಸ್ ಇದೆ ಕೇಳು’ ಅಂದೆ. ಫೋನ್ ಮಾಡಿದ. ಅವರದೆಲ್ಲ ಕ್ಯಾನನ್. ದೊಡ್ಡ ಜೂಮ್ ಲೆನ್ಸನ್ನೂ ಫ್ಲ್ಯಾಷನ್ನೂ ಬೇಕಾದಾಗ ಕೊಡುತ್ತೇವೆ ಅಂದರಂತೆ. ಅಲ್ಲಿಗೆ ಮಾತು ಮುಗಿಯಿತು.

ಎಂಟೂವರೆಗೆ ಕ್ಯಾನನ್ ತಗೊಂಡ. ಮೂರು ಸಾವಿರಕ್ಕೆ ಹಳೇ 50 ಎಂಎಂ ಸಿಕ್ಕಿತು. ಮಿಕ್ಕಿದ್ದರಲ್ಲಿ ಇನ್ನೊಂದು ಬ್ಯಾಟರಿ, ಗಾಳಿಯಾಡದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಅದರೊಳಗಿಡಲು ಅರ್ಧ ಕೆಜಿ ನೀಲಿ ಸಿಲಿಕಾ ಜೆಲ್. ಹರಳು ತೇವ ಹೀರಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ಬಿಸಿ ಮಾಡಿ ಮತ್ತೆ ನೀಲಿ ಮಾಡಿಕೊಳ್ಳಬಹುದು, ಅಡುಗೆ ಪಾತ್ರೆಯಲ್ಲಿ ಮಾತ್ರ ಬೇಡ. ಈವರೆಗೆ ಏಳು ಮದುವೆ, ಎರಡು ಗೃಹಪ್ರವೇಶ ಮುಗಿಸಿದ್ದಾನೆ. ಚಿಕ್ಕ ಮನೆಯ ನಡುಮನೆಯಲ್ಲಿ 50 ಎಂಎಂ ಹಾಕಿಕೊಂಡು ಹಿಂದೆ ಹಿಂದೆ ಸರಿದು ಗೋಡೆಗೆ ಬೆನ್ನು ಹತ್ತಿದರೂ ಇಡೀ ಕುಟುಂಬ ಚೌಕಟ್ಟಿಗೆ ಹಿಡಿಸುವುದಿಲ್ಲ ಎನ್ನುವುದು ಅವನ ದೂರು. ಅಂಥ ಕಡೆ 18-55ಕ್ಕೇ ವಾಪಸ್ ಬರುತ್ತಾನೆ. ಸೆಮಿಸ್ಟರ್ ಫೀಸಿಗೆ ಇನ್ನೂ ಎರಡು ಮದುವೆಯಷ್ಟು ಬಾಕಿ ಇದೆ.

ನಿಕಾನ್ ಇನ್ನೂ ಮಾರಾಟವಾಗಿಲ್ಲ. ಸೀನಿಯರ್ ಹನ್ನೊಂದರಿಂದ ಹತ್ತೂವರೆಗೆ ಇಳಿದಿದ್ದಾರೆ. ನಾನು ಒಂಬತ್ತೂವರೆಯಲ್ಲಿ ನಿಂತಿದ್ದೇನೆ.