ಬೀದಿಗೆ ಎರಚಿದ ಬೆಳ್ಳಿ

ಸ್ಪೇನಿನ ಸಿಂಹಾಸನಕ್ಕೆ ಹೊಸ ದೊರೆ ಬಂದನೆಂದರೆ ಸಮುದ್ರದಾಚೆಯ ಮೆಕ್ಸಿಕೊ, ಲಿಮಾ ನಗರಗಳಲ್ಲಿ ದೊಡ್ಡ ಉತ್ಸವ. ಊರ ಚೌಕದಲ್ಲಿ ರಾಜಧ್ವಜ ಎತ್ತಿ ಹಿಡಿದು ದೊರೆಯ ಹೆಸರನ್ನು ಸಾರುತ್ತಿದ್ದರು. ಆ ಗಳಿಗೆಗೆಂದೇ ಅಚ್ಚು ಹಾಕಿಸಿದ ಬೆಳ್ಳಿಯ ಬಿಲ್ಲೆಗಳನ್ನು ನೆರೆದ ಜನರತ್ತ ಎರಚುತ್ತಿದ್ದರು. ದೊರೆಯನ್ನು ಎಂದೂ ಕಾಣದ ಪ್ರಜೆಗಳಿಗೆ ಅದೇ ದರ್ಶನ.

1808ರಲ್ಲಿ ಏಳನೆಯ ಫರ್ಡಿನೆಂಡನ ಹೆಸರನ್ನು ಹೀಗೆ ಸಾರಿದಾಗ ಅವನು ಫ್ರಾನ್ಸಿನಲ್ಲಿ ನೆಪೋಲಿಯನ್ನನ ಸೆರೆಯಾಳು! ಅವನ ಸರಿಯಾದ ಚಿತ್ರವಿಲ್ಲದೆ ಲಿಮಾದ ಟಂಕಸಾಲೆ ತೋಚಿದ ಮುಖವೊಂದನ್ನೇ ಕೆತ್ತಿ ನಾಣ್ಯ ಹೊರಡಿಸಿತು. ಸಂಗ್ರಾಹಕರು ಅದನ್ನು ಇಂದಿಗೂ 'ಕಲ್ಪಿತ ಮುಖ'ದ ನಾಣ್ಯವೆಂದೇ ಕರೆಯುತ್ತಾರೆ.

ಹಣ ಎರಚುವ ಪದ್ಧತಿ ನಮಗೂ ಹೊಸದಲ್ಲ. ಮೊಗಲ್ ಬಾದಶಹರು ಮೆರವಣಿಗೆಯಲ್ಲಿ ತೂರಲೆಂದು 'ನಿಸಾರ್' ಎಂಬ ಹಗುರ ಬೆಳ್ಳಿ ನಾಣ್ಯ ಮಾಡಿಸುತ್ತಿದ್ದರು.

ಅಮೆರಿಕದ ಬೆಳ್ಳಿಯೂ ಇಲ್ಲಿಗೆ ಬಂತು. ಪೊಟೋಸಿಯ ಬೆಳ್ಳಿ ಬೆಟ್ಟ 1545ರಲ್ಲಿ ಸ್ಪೇನಿನವರ ಕೈಸೇರಿದ ಮೇಲೆ, ಸುಮಾರು 27 ಗ್ರಾಂ ತೂಗುವ ಎಂಟು ರಿಯಾಲಿನ ನಾಣ್ಯ ಜಗತ್ತನ್ನೇ ಸುತ್ತಿತು. ಮೆಣಸು, ಬಟ್ಟೆ ಕೊಳ್ಳಲು ಐರೋಪ್ಯರು ಅದನ್ನು ಗೋವೆ, ಸೂರತ್ತುಗಳಿಗೆ ತಂದರು. ಇಲ್ಲಿನ ಟಂಕಸಾಲೆಗಳಲ್ಲಿ ಅದು ಕರಗಿ ರೂಪಾಯಿಯಾಯಿತು. ಒಂದು ನಾಣ್ಯಕ್ಕೆ ಎರಡು ರೂಪಾಯಿಗಿಂತ ತುಸು ಹೆಚ್ಚು. ಮೂಸೆಗೆ ಬಿದ್ದ ಬೆಳ್ಳಿಗೆ ದೊರೆಯ ಮುಖವೂ ಇಲ್ಲ, ಗಣಿಯ ಗುರುತೂ ಇಲ್ಲ. ಬಿಜಾಪುರದ ಎರಡನೆಯ ಅಲಿ ಆದಿಲ್‌ಶಹನ ಕಾಲದ ಲಾರಿಯಂತೂ ಬಿಲ್ಲೆಯೂ ಅಲ್ಲ, ಮಡಿಚಿ ಅಕ್ಷರ ಒತ್ತಿದ ಬೆಳ್ಳಿ ತಂತಿ.

ಆಳಂದ ತಾಲ್ಲೂಕಿನ ನಿಂಬರ್ಗಾದಂಥ ಊರುಗಳು ಬೆಳ್ಳಿಯ ಲೆಕ್ಕವನ್ನು ಕಲಿತದ್ದು ಇನ್ನೊಂದು ದಾರಿಯಲ್ಲಿ. 1948ರ ಸೆಪ್ಟೆಂಬರಿನವರೆಗೆ ಇದು ನಿಜಾಮನ ಸೀಮೆ. ಇಲ್ಲಿ ನಡೆಯುತ್ತಿದ್ದದ್ದು 'ಹಾಲಿ ಸಿಕ್ಕಾ'. ಹಾಲಿ ಎಂದರೆ ಚಲಾವಣೆಯಲ್ಲಿರುವುದು. ಇಪ್ಪತ್ತನೆಯ ಶತಮಾನದ ಆರಂಭದಿಂದ ಅದರ ಮೇಲೆ ದೊರೆಯ ಮುಖದ ಬದಲು ಚಾರ್‌ಮಿನಾರ್. ಅದರ ಬಾಗಿಲಿನೊಳಗೆ ದೊರೆಯ ಹೆಸರಿನ ಮೊದಲ ಅಕ್ಷರ. ಮೆಹಬೂಬ್ ಅಲಿ ಖಾನರಿಗೆ 'ಮೀಮ್', ಉಸ್ಮಾನ್ ಅಲಿ ಖಾನರಿಗೆ 'ಐನ್'. ಗಡಿ ದಾಟಿ ಸೋಲಾಪುರದ ಪೇಟೆಗೆ ಹೋದರೆ ಅಲ್ಲಿ ಇಂಗ್ಲಿಷರ ಕಲ್ದಾರ್ ರೂಪಾಯಿ. ಆರು ಕಲ್ದಾರಿಗೆ ಏಳು ಹಾಲಿ ಎಂಬುದು ವಿನಿಮಯದ ಲೆಕ್ಕ. ಇದು ದೊಡ್ಡವರ ಗರ್ವದ ಮಾತಲ್ಲ, ಬೆಳ್ಳಿಯ ಮಾತು: ಕಲ್ದಾರ್ 11.66 ಗ್ರಾಂ, ನೂರಕ್ಕೆ 91ಕ್ಕೂ ಹೆಚ್ಚು ಭಾಗ ಬೆಳ್ಳಿ. ಹಾಲಿ 11.18 ಗ್ರಾಂ, ಬೆಳ್ಳಿ ಸುಮಾರು 82 ಭಾಗ. ಗುಣಿಸಿ ನೋಡಿದರೆ ಏಳಕ್ಕೆ ಆರು ಎಂಬುದು ಕರಾರುವಾಕ್ಕಾಗಿ ಕೂಡುತ್ತದೆ. ಲೆಕ್ಕ ತಿಳಿಯದವನ ಮೇಲೆ ವಟ್ಟ ಬೀಳುತ್ತಿತ್ತು.

ವಿಲೀನದ ಬಳಿಕವೂ ಕೆಲ ಕಾಲ ಭಾರತದ ರೂಪಾಯಿಯ ಜೊತೆಗೇ ಓಡಾಡಿದ ಹಾಲಿ 1959ರಲ್ಲಿ ಸಂಪೂರ್ಣ ರದ್ದಾಯಿತು. ಆಮೇಲೆ ಅದರ ಬೆಲೆ ತಕ್ಕಡಿಯಲ್ಲಿ ತೂಗುವಷ್ಟೇ. ಅಕ್ಕಸಾಲಿಗನ ಮೂಸೆ ಸೇರಿದ್ದು ಕಡಗವಾಯಿತು, ಕಾಲುಂಗುರವಾಯಿತು. ಲಂಬಾಣಿ ಹೆಂಗಸರ ಉಡುಪಿಗೆ ಹೊಲಿಗೆಯಾಗಿ ಉಳಿದ ಹಳೆಯ ನಾಣ್ಯಗಳಲ್ಲಿ ಮಾತ್ರ ಅಚ್ಚು ಹಾಗೇ ಇದೆ, ಓದಬಲ್ಲವರಿಗೆ ಇಸವಿಯೂ ಕಾಣುತ್ತದೆ.